ಟೊಂಕ ನೋವಿಗೆ ನಡಿಗೆಯೋ, ಯೋಗವೋ, ಜಿಮ್ಮೋ, ಫಿಜಿಯೋನೋ? ಒಂದೇ ಮನೆಯ ಮೂರು ಟೊಂಕಗಳ ಲೆಕ್ಕ

ಹೋದ ದೀಪಾವಳಿಗೆ ಎರಡು ದಿನ ಇರುವಾಗ, ಕಲಬುರಗಿ ಗಂಜ್‌ನಲ್ಲಿ ನಾನು ಲೆಕ್ಕ ಬರೆಯುವ ಅಡತ್ ಅಂಗಡಿಯಲ್ಲಿ ಹಳೇ ಖಾತೆ ಪುಸ್ತಕಗಳ ಟ್ರಂಕು ಎಳೆಯಲು ಬಗ್ಗಿದೆ. ಟ್ರಂಕೂ ಬರಲಿಲ್ಲ, ನಾನೂ ಮೇಲೆ ಏಳಲಿಲ್ಲ. ಟೊಂಕ ಹಿಡಿದುಕೊಂಡುಬಿಟ್ಟಿತ್ತು. ಇಬ್ಬರು ಹಮಾಲರು ಕಂಕುಳಿಗೆ ಕೈ ಹಾಕಿ ಆಟೋದಲ್ಲಿ ಕೂರಿಸಿದರು. ಅದರಲ್ಲೊಬ್ಬ ಕೇಳಿದ, "ಏನ್ರಿ ಮುನೀಮರೇ, ನಾವು ದಿನಾ ಚೀಲ ಎತ್ತತೀವಿ, ನಿಮಗ ಪೆನ್ನೇ ಭಾರ ಆಯ್ತೇನ್ರಿ?" ನಗು ಬಂತು. ನಕ್ಕಿದ್ದಕ್ಕೆ ಟೊಂಕದಲ್ಲಿ ಇನ್ನೊಮ್ಮೆ ಚುಚ್ಚಿತು.

ಆ ವಾರ ನೋಡಲು ಬಂದವರೆಲ್ಲ ಒಂದೊಂದು ಹೇಳಿದರು. ಪಕ್ಕದ ಮನೆ ಕಾಕಾ ಯೋಗ ಅಂದರು. ತಮ್ಮ ಜಿಮ್ ಅಂದ. ಅವ್ವ ಹದಿನೈದು ದಿನ ಮಂಚ ಇಳಿಯಬೇಡ ಅಂದಳು. ಸಾಹುಕಾರರು ಬೆಲ್ಟ್ ಕಳಿಸಿದರು (ರಜೆ ಕೊಡುವುದಕ್ಕಿಂತ ಅದು ಸೋವಿ). ಒಂದು ವರ್ಷದಲ್ಲಿ ಇವೆಲ್ಲವನ್ನೂ ಹೆಚ್ಚುಕಡಿಮೆ ಮಾಡಿ ನೋಡಿದ್ದೇನೆ, ಕೈಗೆ ಸಿಕ್ಕಿದ್ದೆಲ್ಲ ಓದಿದ್ದೇನೆ, ಮನೆಯಲ್ಲಿ ಇನ್ನೂ ಎರಡು ಟೊಂಕ ನೋವು (ಅವ್ವನದು, ತಮ್ಮನದು) ಇರುವುದರಿಂದ ಅವರ ಮೇಲೂ ಪ್ರಯೋಗ ನಡೆದಿದೆ. "ಯಾವ ವ್ಯಾಯಾಮ ಒಳ್ಳೆಯದು" ಅಂತ ಕೇಳಿದರೆ ಉತ್ತರವೇ ಸಿಗಲ್ಲ. ಯಾವ ಕಡೆ ಬಗ್ಗಿದರೆ ನೋವು ಇಳಿಯುತ್ತದೆ ಅಂತ ಮೊದಲು ನೋಡಿಕೊಳ್ಳಿ, ಅರ್ಧ ಆಯ್ಕೆ ತಾನಾಗೇ ಆಗಿಬಿಡುತ್ತದೆ. ಉಳಿದರ್ಧ ನಿಮ್ಮ ದಿನ ಹೇಗೆ ಕಳೆಯುತ್ತದೆ ಅನ್ನುವುದರ ಮೇಲೆ.

ಅದಕ್ಕೂ ಮುಂಚೆ ಒಂದು ಮಾತು. ಉಚ್ಚೆ, ಮಲ ಹಿಡಿತಕ್ಕೆ ಸಿಗುತ್ತಿಲ್ಲ, ಕೂರುವ ಜಾಗ ಜೋಮು ಹಿಡಿದಂತಿದೆ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಿದೆ, ನಡೆಯುವಾಗ ಚಪ್ಪಲಿ ತಾನೇ ಜಾರಿ ಹೋಗುತ್ತಿದೆ ಅಂದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಇದ್ದರೆ, ಸುಮ್ಮಸುಮ್ಮನೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಕೂಡ ಮೊದಲು ಡಾಕ್ಟರು, ಆಮೇಲೆ ವ್ಯಾಯಾಮ. ಟಿಬಿ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಬೆನ್ನುಮೂಳೆಗೂ ಬರುತ್ತದೆ.

ಇನ್ನು ಸ್ಕ್ಯಾನ್ ವಿಷಯ. ನನ್ನ ಎಂಆರ್‌ಐ ವರದಿಯಲ್ಲಿ "ಡಿಸ್ಕ್ ಸವೆದಿದೆ" (ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ) ಅಂತ ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಓದಿದೆ: ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ 2015ರ ಅಧ್ಯಯನವೊಂದರಲ್ಲಿ, 20 ವರ್ಷದವರಲ್ಲೇ 37% ಜನಕ್ಕೆ ಡಿಸ್ಕ್ ಸವೆತ ಇತ್ತು, 80 ವರ್ಷದವರಲ್ಲಿ 96%. ತಲೆಕೂದಲು ಬೆಳ್ಳಗಾದ ಹಾಗೆ ಅದೂ ಒಂದು. ವರದಿ ನೋಡಿಕೊಂಡು ವ್ಯಾಯಾಮ ಆರಿಸುವುದಕ್ಕಿಂತ ಮೈಯನ್ನೇ ಕೇಳುವುದು ಮೇಲು.

ಬಗ್ಗಿದರೆ ನೋವೋ, ನಿಂತರೆ ನೋವೋ?

ಇದು ರೋಗ ಪತ್ತೆ ಮಾಡುವ ಪರೀಕ್ಷೆ ಅಲ್ಲ, ದಿಕ್ಕು ತಿಳಿಯುವುದಕ್ಕೆ ಅಷ್ಟೇ. ಕೂತಾಗ, ಬಗ್ಗಿ ಶೂ ಹಾಕುವಾಗ, ಕಾರು ಇಳಿಯುವಾಗ ನೋವು ಜಾಸ್ತಿ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಗುರ ಅನ್ನಿಸುತ್ತದಾ? ನೀವು ನನ್ನ ಪಾರ್ಟಿ. ನಿಂತರೆ, ನಡೆದರೆ ಕಾಲು ಭಾರವಾಗಿ ಎಲ್ಲಾದರೂ ಕಟ್ಟೆ ಸಿಕ್ಕರೆ ಸಾಕು ಅನ್ನಿಸಿ, ಕೂತು ಮುಂದಕ್ಕೆ ಬಾಗಿದ ಕೂಡಲೇ ಆರಾಮಾಗುತ್ತದಾ? ನೀವು ನಮ್ಮವ್ವನ ಪಾರ್ಟಿ. ಹೇಗೆ ಇದ್ದರೂ ಅಷ್ಟಷ್ಟು ನೋವು, ಭಾರ ಎತ್ತಿದ ದಿನ ಸಂಜೆ ಜಾಸ್ತಿ ಅಂದರೆ ತಮ್ಮನ ಪಾರ್ಟಿ.

ನಮ್ಮ ಪಾರ್ಟಿಯ ಮದ್ದು ಸಿಕ್ಕಿದ್ದು ಅಕಸ್ಮಾತ್ತಾಗಿ. 1956ರಲ್ಲಿ ನ್ಯೂಜಿಲೆಂಡ್‌ನ ರಾಬಿನ್ ಮೆಕೆಂಜಿ ಎಂಬ ಫಿಜಿಯೋಥೆರಪಿಸ್ಟ್ ಹತ್ತಿರ ಕಾಲಿಗೆ ಎಳೆತ ಇದ್ದ ರೋಗಿಯೊಬ್ಬರು ಬಂದಿದ್ದರು. ಕೋಣೆಯಲ್ಲಿದ್ದ ಮಂಚದ ತಲೆಕಡೆ ಎತ್ತಿಟ್ಟಿತ್ತು. ರೋಗಿ ಅದನ್ನು ಗಮನಿಸದೆ ಅದರ ಮೇಲೇ ಬೋರಲು ಮಲಗಿಬಿಟ್ಟರು. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿ ನೋಡಿ ಮೆಕೆಂಜಿ ಗಾಬರಿಯಾದರೆ, ರೋಗಿ ಕಾಲು ನೋವೇ ಹೋಯ್ತಲ್ಲ ಅಂದರಂತೆ. ಅಲ್ಲಿಂದ ಒಂದು ಪದ್ಧತಿಯೇ ಬೆಳೆಯಿತು. ಅದಕ್ಕೂ ಮುಂಚೆ, 1937ರಲ್ಲಿ, ಅಮೆರಿಕದ ಪಾಲ್ ವಿಲಿಯಮ್ಸ್ ಇದಕ್ಕೆ ಪೂರ್ತಿ ಉಲ್ಟಾ ಹೇಳಿದ್ದರು: ಮುಂದಕ್ಕೆ ಬಾಗಿ, ಮೊಣಕಾಲು ಎದೆಗೆ ತನ್ನಿ. ಇಬ್ಬರ ಹಿಂದೆಯೂ ಜನ ಇದ್ದಾರೆ, ಇಬ್ಬರಿಂದಲೂ ಗುಣವಾದವರಿದ್ದಾರೆ. ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಹಿಂದಕ್ಕೆ ಬಾಗು, ಇನ್ನೊಂದು ಬಾಗಬೇಡ ಅನ್ನುವುದು ಇದೇ ಕಾರಣಕ್ಕೆ.

ನೆನಪಿಡುವ ಗುರುತು ಒಂದು. ಯಾವುದೇ ವ್ಯಾಯಾಮ ಮಾಡಿದಾಗ ಕಾಲಿನ ನೋವು ಮೇಲಕ್ಕೆ ಸರಿದು ಟೊಂಕದಲ್ಲಿ ಕೂತರೆ ಒಳ್ಳೆಯದು, ಟೊಂಕದಲ್ಲಿ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಟೊಂಕದ ನೋವು ಮೀನಖಂಡಕ್ಕೆ ಇಳಿದರೆ ಆ ವ್ಯಾಯಾಮ ನಿಮಗಲ್ಲ, ಅಲ್ಲಿಗೇ ನಿಲ್ಲಿಸಿ.

ಮನೆಯ ಫರಸಿ ಮೇಲೆ

ಖರ್ಚಿಲ್ಲದ ದಾರಿ ಇದು, ನನ್ನ ಓಟೂ ಇದಕ್ಕೇ. ನಮ್ಮ ಕಡೆ ಮನೆಮನೆಗೂ ಶಹಾಬಾದ್ ಕಲ್ಲಿನ ನೆಲ ಇದೆಯಲ್ಲ, ಅದರ ಮೇಲೆ ಒಂದು ಜಮಖಾನ ಮಡಚಿ ಹಾಸಿದರೆ ಸಾಕು, ಮೊಣಕಾಲಿಗೆ ಒತ್ತಲ್ಲ. ಗಾದಿ ಮೇಲೆ ಮಾಡಬೇಡಿ, ಅದು ಮೈಯನ್ನು ನುಂಗುತ್ತದೆ.

ನಾನು ಮೊದಲು ಮಾಡಿದ್ದು ಮೆಕೆಂಜಿಯದು. ಎರಡು ಮೂರು ನಿಮಿಷ ಸುಮ್ನೆ ಬೋರಲು ಮಲಗುವುದು. ಆಮೇಲೆ ಮೊಣಕೈ ಊರಿ ಎದೆ ಎತ್ತುವುದು. ಒಂದೆರಡು ದಿನ ಬಿಟ್ಟು ಅಂಗೈ ಊರಿ ಎತ್ತುವುದು, ಸೊಂಟ ಮಾತ್ರ ನೆಲಕ್ಕೇ ಇರಬೇಕು. ನೋಡುವುದಕ್ಕೆ ಭುಜಂಗಾಸನವೇ, ಆದರೆ ಇಲ್ಲಿ ಬೆನ್ನು ಸಡಿಲ, ಕೆಲಸವೆಲ್ಲ ಕೈಯದು. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ನನಗಿದ್ದ ಕಾಲಿನ ಎಳೆತ ನಾಲ್ಕನೇ ದಿನಕ್ಕೆ ತೊಡೆಯವರೆಗೆ ಸರಿಯಿತು, ಎರಡನೇ ವಾರಕ್ಕೆ ಪೃಷ್ಠಕ್ಕೆ.

ನೋವು ಇಳಿದ ಮೇಲೆ ಗಟ್ಟಿ ಮಾಡುವ ಕೆಲಸ. ಇದಕ್ಕೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರು ವ್ಯಾಯಾಮಗಳನ್ನು ಹಿಡಿದೆ. ಮೊದಲನೆಯದರಲ್ಲಿ ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ, ಟೊಂಕದ ಹಳ್ಳದ ಕೆಳಗೆ ಎರಡೂ ಅಂಗೈ ಇಟ್ಟು, ತಲೆ ಮತ್ತು ಭುಜ ಚೂರೇ ಚೂರು ಎತ್ತಬೇಕು. ಎಷ್ಟು ಎತ್ತಬೇಕು ಅಂದರೆ, ತಲೆ ತಕ್ಕಡಿ ಮೇಲಿದೆ ಅಂದುಕೊಳ್ಳಿ, ಮುಳ್ಳು ಸೊನ್ನೆಗೆ ಬಂದರೆ ಸಾಕು. ಎರಡನೆಯದು ಪಕ್ಕಕ್ಕೆ ಮಲಗಿ ಮೊಣಕೈ, ಮೊಣಕಾಲು ಊರಿ ಸೊಂಟ ಎತ್ತಿ ಹಿಡಿಯುವುದು. ಮೂರನೆಯದು ಅಂಬೆಗಾಲಿನಲ್ಲಿ ನಿಂತು, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚುವುದು, ಆಮೇಲೆ ಅದಲು ಬದಲು. ಒಂದೊಂದನ್ನೂ ಹತ್ತು ಸೆಕೆಂಡ್ ಹಿಡಿಯಬೇಕು, ಉಸಿರು ಕಟ್ಟಬಾರದು.

ಮೂರನೆಯದು ಮಕ್ಕಳಾಟ ಅನ್ನಿಸಿತ್ತು. ಹೆಂಡತಿ ಅಡುಗೆಮನೆಯಿಂದ ಲಟ್ಟಣಿಗೆ ತಂದು ನನ್ನ ಟೊಂಕದ ಮೇಲೆ ಅಡ್ಡ ಇಟ್ಟಳು (ರೊಟ್ಟಿ ಬಡಿಯುವ ಮನೆಯಲ್ಲಿ ಅದಕ್ಕೆ ಬೇರೆ ಕೆಲಸ ಕಡಿಮೆ). ಕಾಲು ಎತ್ತಿದ ಕೂಡಲೇ ಅದು ಎಡಕ್ಕೆ ಉರುಳಿ ಫರಸಿಗೆ ಟಣ್ ಅಂತ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ಕಾಲು ಮೇಲೆ ಹೋಗುವಾಗ ಸೊಂಟವೂ ತಿರುಗುತ್ತಿದೆ ಅಂತ ಆಗ ಗೊತ್ತಾಯಿತು. ಕಾಲನ್ನು ಎತ್ತರಕ್ಕೆ ಒಯ್ಯದೆ ಹಿಮ್ಮಡಿಯಿಂದ ಗೋಡೆ ದೂಡುವ ಹಾಗೆ ನೇರ ಹಿಂದಕ್ಕೆ ಚಾಚಿದೆ, ಹೊಟ್ಟೆ ಸ್ವಲ್ಪ ಬಿಗಿ ಹಿಡಿದೆ. ಲಟ್ಟಣಿಗೆ ನಿಂತಿತು. "ಬರ್ಲಾಕತ್ತದ ನೋಡ್ರಿ" ಅಂದಳು. ಹದಿನೈದು ದಿನ ಬೇಕಾಯಿತು ಹತ್ತು ಸೆಕೆಂಡ್ ನಿಲ್ಲುವುದಕ್ಕೆ.

ಇಷ್ಟು ಹಗುರದ ವ್ಯಾಯಾಮದಿಂದ ಏನಾಗುತ್ತೆ ಅಂತ ತಮ್ಮ ನಕ್ಕಿದ್ದ. ಟೊಂಕಕ್ಕೆ ಬೇಕಾದದ್ದು ಜಾಸ್ತಿ ಹೊತ್ತು ಸೋಲದೆ ಹಿಡಿದಿರುವ ತಾಕತ್ತು. 1984ರಲ್ಲೇ ಡೆನ್ಮಾರ್ಕ್‌ನ ಬಿಯರಿಂಗ್-ಸೋರೆನ್ಸೆನ್ ತೋರಿಸಿದ್ದರು, ಬೆನ್ನಿನ ಸ್ನಾಯು ಬೇಗ ಸೋಲುವ ಗಂಡಸರಿಗೆ ಮುಂದಿನ ಒಂದು ವರ್ಷದಲ್ಲಿ ಹೊಸದಾಗಿ ಟೊಂಕ ನೋವು ಬರುವುದು ಜಾಸ್ತಿ ಅಂತ.

ಕೊರತೆ? ಬೇಜಾರು. ನೋಡುವವರಿಲ್ಲ, ಬೈಯುವವರಿಲ್ಲ, ನಾಳೆ ಮಾಡಿದರಾಯಿತು ಅನ್ನಿಸುತ್ತದೆ. ಒಬ್ಬರೇ ಏನನ್ನೂ ಮುಂದುವರಿಸಲು ಆಗದವರು ಮುಂದೆ ಓದಿ.

ಯೋಗ ಶಿಬಿರ

ಬೆಳಗ್ಗೆ ಐದೂವರೆಗೆ ಎಬ್ಬಿಸುವ ಜನ ಇರುತ್ತಾರೆ, ಬರದಿದ್ದರೆ ಫೋನ್ ಮಾಡುತ್ತಾರೆ, ಅದೇ ಇದರ ದೊಡ್ಡ ಗುಣ. ಯೋಗದಿಂದ ಟೊಂಕ ನೋವು ಕಡಿಮೆಯಾಗುತ್ತದೆ ಅನ್ನುವುದು ಬರೀ ನಂಬಿಕೆ ಅಲ್ಲ, ಅಮೆರಿಕದ ವೈದ್ಯರ ಸಂಘ 2017ರಲ್ಲೇ ಹಳೇ ಟೊಂಕ ನೋವಿಗೆ ಗುಳಿಗೆಗಿಂತ ಮೊದಲು ಮಾಡಬೇಕಾದವುಗಳಲ್ಲಿ ಯೋಗವನ್ನೂ ಸೇರಿಸಿದೆ. ಆದರೆ ನಾನು ಹೋದ ಶಿಬಿರದಲ್ಲಿ ನೂರು ಜನಕ್ಕೆ ಒಬ್ಬರೇ ಗುರುಗಳು, ಮೈಕ್ ಹಿಡಿದು ವೇದಿಕೆ ಮೇಲೆ. ಎಲ್ಲರಿಗೂ ಒಂದೇ ಆಸನ. ಮೊದಲ ಹತ್ತು ನಿಮಿಷದಲ್ಲೇ ಪಾದಹಸ್ತಾಸನ, ಆಮೇಲೆ ಪಶ್ಚಿಮೋತ್ತಾನಾಸನ. ಎರಡೂ ಮುಂದಕ್ಕೆ ಬಗ್ಗುವಂಥವು, ಅದೂ ಎದ್ದ ಕೂಡಲೇ.

ಇಲ್ಲೊಂದು ವಿಷಯ ಇದೆ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ, ಬೆಳಗ್ಗೆ ನಾವು ಸಂಜೆಗಿಂತ ಚೂರು ಎತ್ತರ ಇರುವುದೂ ಅದಕ್ಕೇ. ಆ ಹೊತ್ತಿನಲ್ಲಿ ಪೂರ್ತಿ ಬಗ್ಗಿದರೆ ಡಿಸ್ಕ್ ಮೇಲೆ ಒತ್ತಡ ಜಾಸ್ತಿ. ಬೆಳಗಿನ ಮೊದಲ ಗಂಟೆಗಳಲ್ಲಿ ಬಗ್ಗುವುದನ್ನು ತಪ್ಪಿಸಿದವರಿಗೆ ನೋವು ಕಡಿಮೆಯಾಯಿತು ಅಂತ 1998ರ ಪ್ರಯೋಗವೊಂದು ತೋರಿಸಿದೆ. ಹಾಗಾಗಿ ನನ್ನಂಥವರು ಸಂಜೆ ಬ್ಯಾಚ್ ಹಿಡಿಯಿರಿ. ಇಲ್ಲವಾದರೆ ಬಗ್ಗುವ ಆಸನ ಬಂದಾಗ ಸುಮ್ನೆ ಮಕರಾಸನದಲ್ಲಿ ಬೋರಲು ಮಲಗಿ, ಗುರುಗಳು ಏನೂ ಅನ್ನಲ್ಲ. ಹತ್ತು ಹದಿನೈದು ಜನರ ಚಿಕ್ಕ ತರಗತಿ, ಗೋಡೆ, ಕುರ್ಚಿ, ಪಟ್ಟಿ ಕೊಟ್ಟು ಮಾಡಿಸುವವರು ಸಿಕ್ಕರೆ ಕಣ್ಣು ಮುಚ್ಚಿ ಸೇರಿ.

ಜಿಮ್ ಮತ್ತು ಗರಡಿ

ತಮ್ಮ ಗೂಡ್ಸ್ ಗಾಡಿ ಓಡಿಸುತ್ತಾನೆ. ಸೇಡಂ ರೋಡ್, ಆಳಂದ ರೋಡ್ ಅಂತ ದಿನವೆಲ್ಲ ಕುಲುಕಾಟ, ಅದರ ಮೇಲೆ ತಾನೇ ನಿಂತು ತೊಗರಿ ಚೀಲ ಇಳಿಸುವುದು. ಅವನಿಗೆ ನನ್ನ ಲಟ್ಟಣಿಗೆ ಆಟ ಸಾಲದು. ದಿನಾ 50 ಕೆಜಿ ಎತ್ತುವವನ ಬೆನ್ನು 50 ಕೆಜಿಗಿಂತ ಜಾಸ್ತಿ ತಾಳಬೇಕಲ್ವಾ? ಅದಕ್ಕೆ ಜಿಮ್ಮೇ ಸರಿ.

ಆದರೆ ಮೊದಲು ಸೇರಿದ ಕಡೆ ಮೂರನೇ ದಿನಕ್ಕೇ ಬಾರ್‌ಗೆ ತಟ್ಟೆ ಮೇಲೆ ತಟ್ಟೆ ಹಾಕಿ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು) ಮಾಡಿಸಿದರು. ಹುಡುಗ ಟ್ರೈನರ್, ಅವನ ಕಣ್ಣೆಲ್ಲ ಮೊಬೈಲ್‌ನಲ್ಲಿ. ತಮ್ಮ ಒಂದು ವಾರ ಗಾಡಿ ಹತ್ತಲಿಲ್ಲ. ಆಮೇಲೆ ಬೇರೆ ಕಡೆ ಹೋದ, ಅಲ್ಲಿಯವರು ಮೊದಲ ಹದಿನೈದು ದಿನ ಭಾರವನ್ನೇ ಮುಟ್ಟಿಸಲಿಲ್ಲ. ಬೆನ್ನುದ್ದ ಒಂದು ಕೋಲು ಹಿಡಿಸಿದರು. ಹಿಂದಲೆ, ಬೆನ್ನಿನ ನಡು, ಬಾಲಮೂಳೆ ಮೂರೂ ಕೋಲಿಗೆ ತಾಗಿರಬೇಕು, ಹಾಗೇ ಪೃಷ್ಠ ಹಿಂದಕ್ಕೆ ತಳ್ಳಿ ಬಾಗಬೇಕು. ಬಾಗುವುದು ಸೊಂಟದ ಕೀಲಿನಲ್ಲಿ, ಬೆನ್ನಿನಲ್ಲಲ್ಲ. ಅದು ಬಂದ ಮೇಲೆ ಖಾಲಿ ಬಾರ್, ಆಮೇಲೆ ವಾರಕ್ಕಿಷ್ಟು ಅಂತ ಭಾರ. ಈಗ ಚೀಲವನ್ನೂ ಹಾಗೇ ಎತ್ತುತ್ತಾನೆ. ಜಿಮ್ ಆರಿಸುವಾಗ ಫೀಸು, ಎಸಿ ಆಮೇಲೆ ನೋಡಿ. ಮೊದಲ ದಿನವೇ ಭಾರ ಕೊಡುವವರ ಹತ್ತಿರ ಹೋಗಬೇಡಿ.

ಗರಡಿಮನೆಯ ದಂಡ, ಬೈಠಕ್ ಗಟ್ಟಿ ಬೆನ್ನಿಗೆ ಬಹಳ ಒಳ್ಳೆಯದು, ಕಾಲಿಗೆ ಎಳೆತ ಇರುವಾಗ ಬೇಡ. ಕಾಲು ನೇರ ಚಾಚಿ ಎದ್ದು ಕೂರುವ ಸಿಟ್‌ಅಪ್ ಕೂಡ ಬೇಡ, ಹೊಟ್ಟೆ ಕರಗುತ್ತೆ ಅನ್ನೋ ಆಸೆಗೆ ಟೊಂಕ ಕೆಡಿಸಿಕೊಂಡವರು ಗಂಜ್‌ನಲ್ಲೇ ಮೂವರು ಸಿಗುತ್ತಾರೆ.

ನಡಿಗೆ

ನಡಿಗೆಯನ್ನು ನಾನು ಕೀಳಾಗಿ ಕಂಡಿದ್ದೆ. ಅದೇನು ವ್ಯಾಯಾಮ ಅಂತ. 2024ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಪ್ರಯೋಗ ನನ್ನ ಬಾಯಿ ಮುಚ್ಚಿಸಿತು. ಟೊಂಕ ನೋವು ಬಂದು ವಾಸಿಯಾದ 701 ಜನರಲ್ಲಿ ಕೆಲವರಿಗೆ ನಡಿಗೆ ಕಲಿಸಿದರು. ಫಿಜಿಯೋ ಸಲಹೆ ಜೊತೆ ನಿಧಾನಕ್ಕೆ ಏರಿಸುತ್ತಾ ಆರು ತಿಂಗಳ ಹೊತ್ತಿಗೆ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷದ ಗುರಿ. ಉಳಿದವರಿಗೆ ಏನೂ ಕೊಡಲಿಲ್ಲ. ನೋವು ಮರಳಿ ಬರುವುದಕ್ಕೆ ನಡೆಯದವರಿಗೆ ಸುಮಾರು 112 ದಿನ ಹಿಡಿದರೆ, ನಡೆದವರಿಗೆ 208 ದಿನ. ಗಮನಿಸಿ, ಇದು ವಾಸಿಯಾದವರಿಗೆ ಮತ್ತೆ ಬಾರದಿರಲಿ ಅಂತ.

ನಮ್ಮೂರಲ್ಲಿ ಜಾಗಕ್ಕೆ ಬರ ಇಲ್ಲ. ಅಪ್ಪನ ಕೆರೆ ಇದೆ, ಪಬ್ಲಿಕ್ ಗಾರ್ಡನ್ ಇದೆ, ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇದೆ. ಬಿಸಿಲಿನದ್ದೇ ತೊಂದರೆ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟಿದ ಮೇಲೆ ಬೆಳಗ್ಗೆ ಏಳರೊಳಗೆ ಮುಗಿಸಬೇಕು, ಇಲ್ಲ ರಾತ್ರಿ ಊಟಕ್ಕೆ ಮುಂಚೆ. ಆ ಎರಡು ತಿಂಗಳು ನಾನು ಫರಸಿ ವ್ಯಾಯಾಮ ಜಾಸ್ತಿ, ನಡಿಗೆ ಕಡಿಮೆ ಮಾಡುತ್ತೇನೆ, ಮಳೆ ಬಿದ್ದ ಮೇಲೆ ಉಲ್ಟಾ. ಕೈ ಬೀಸಿ ನಡೆಯಿರಿ. ಕೈ ಹಿಂದೆ ಕಟ್ಟಿಕೊಂಡು ರಾಜಕೀಯ ಮಾತಾಡುತ್ತಾ ಹೋಗುವುದು ನಡಿಗೆ ಅಲ್ಲ, ಸಭೆ.

ಫಿಜಿಯೋ, ಬೆಲ್ಟ್, ಎಣ್ಣೆ

ಫಿಜಿಯೋ ಹತ್ತಿರ ಹೋಗುವುದಾದರೆ ಏನು ಕೊಡುತ್ತಾರೆ ಅಂತ ಮೊದಲೇ ಕೇಳಿ. ನಾನು ಮೊದಲು ಹೋದಲ್ಲಿ ಹತ್ತು ದಿನ ಬರೀ ಕರೆಂಟ್ ಕೊಟ್ಟರು, ಸೊಂಟಕ್ಕೆ ಪಟ್ಟಿ ಕಟ್ಟಿ ಎಳೆದರು. ಮಲಗಿ ಆರಾಮಾಗಿತ್ತು, ಹೊರಗೆ ಬಂದರೆ ಅದೇ ನೋವು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೇ ಟೊಂಕ ನೋವಿಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಎಳೆಯುವ ಟ್ರ್ಯಾಕ್ಷನ್, ನರಕ್ಕೆ ಕೊಡುವ ಕರೆಂಟ್, ಅಲ್ಟ್ರಾಸೌಂಡ್ ಶಾಖ, ಬೆಲ್ಟ್ ಇವನ್ನೆಲ್ಲ ಮಾಮೂಲಾಗಿ ಬಳಸುವುದು ಬೇಡ ಅಂದಿದೆ, ವ್ಯಾಯಾಮ ಮತ್ತು ತಿಳಿವಳಿಕೆಗೆ ಹೌದು ಅಂದಿದೆ. ಎರಡನೇ ಫಿಜಿಯೋ ಮೂರೇ ಸಲ ಕರೆದರು, ಮೇಲೆ ಹೇಳಿದ ದಿಕ್ಕಿನ ವಿಷಯ ತಿಳಿಸಿದವರು ಅವರೇ. ಕಾಲಿಗೆ ಎಳೆತ ಇರುವವರು ವಿಡಿಯೋ ನೋಡಿ ಶುರುಮಾಡದೆ ಇಂಥವರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ದುಡ್ಡಿನ ತೊಂದರೆ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ನೋಡಿ.

ಸಾಹುಕಾರರ ಬೆಲ್ಟ್ ಈಗ ಟ್ರಂಕಿನ ಮೇಲಿದೆ. ಎಣ್ಣೆ ತಿಕ್ಕಿಸಿಕೊಳ್ಳಿ, ಹಿತ ಅನ್ನಿಸುತ್ತದೆ, ಅಷ್ಟೇ. ಮಂಚ ಹಿಡಿಯುವುದು ಮಾತ್ರ ಬೇಡವೇ ಬೇಡ. 1986ರಲ್ಲೇ ಅಮೆರಿಕದಲ್ಲಿ ಎರಡು ದಿನ ಮಲಗಿದವರನ್ನೂ ಏಳು ದಿನ ಮಲಗಿದವರನ್ನೂ ಹೋಲಿಸಿದ್ದರು, ಎರಡು ದಿನದವರಿಗೆ ಕೆಲಸಕ್ಕೆ ರಜೆ ಕಡಿಮೆ ಬಿತ್ತು.

ಹಾಗಾದರೆ ಯಾರಿಗೆ ಯಾವುದು? ಕೂತು ಕೆಲಸ ಮಾಡುವವರು, ಬಗ್ಗಿದರೆ ನೋವಿರುವವರು: ಮೊದಲು ಫರಸಿ ಮೇಲೆ ಬೋರಲು, ಆಮೇಲೆ ಮೂರು ವ್ಯಾಯಾಮ, ಜೊತೆಗೆ ನಡಿಗೆ. ಹೊಲದಲ್ಲಿ ದಿನವೆಲ್ಲ ಬಗ್ಗಿ ಕಳೆ ತೆಗೆಯುವವರಿಗೆ, ನೆಲದ ಮೇಲೆ ಕೂತು ರೊಟ್ಟಿ ಬಡಿಯುವವರಿಗೆ ಇನ್ನೂ ಬಗ್ಗುವ ವ್ಯಾಯಾಮ ಹೇಳುವುದು ಅನ್ಯಾಯ. ಅವರು ಅರ್ಧ ಗಂಟೆಗೊಮ್ಮೆ ಎದ್ದು ಸೊಂಟದ ಮೇಲೆ ಕೈ ಇಟ್ಟು ಐದಾರು ಸಲ ಹಿಂದಕ್ಕೆ ಬಾಗಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಭಾರ ಎತ್ತುವವರಿಗೆ ಜಿಮ್, ಕೋಲಿನಿಂದ ಶುರು. ಒಬ್ಬರೇ ಮಾಡಲು ಆಗದವರಿಗೆ ಚಿಕ್ಕ ಯೋಗ ತರಗತಿ. ಯಾವುದೇ ಇರಲಿ, ಮಾಡುವಾಗ ಸ್ವಲ್ಪ ನೋವು ಬಂದು ಮರುದಿನ ಬೆಳಗ್ಗೆಗೆ ಇಳಿದಿದ್ದರೆ ಮುಂದುವರಿಸಿ. ಮರುದಿನವೂ ಏರಿದ್ದರೆ ಅರ್ಧಕ್ಕೆ ಇಳಿಸಿ. ಆರು ವಾರ ಕಳೆದರೂ ಒಂದಿಷ್ಟೂ ಫರಕು ಇಲ್ಲದಿದ್ದರೆ ದಾರಿ ಬದಲಿಸಿ, ಡಾಕ್ಟರಿಗೆ ತೋರಿಸಿ.

ಕೊನೆಗೆ ನಮ್ಮವ್ವ. ವಯಸ್ಸು ಎಪ್ಪತ್ತು. ಶರಣಬಸವೇಶ್ವರ ಗುಡಿಗೆ ಹೋಗುವ ದಾರಿಯಲ್ಲಿ ಮೂರು ಕಡೆ ಕೂರುತ್ತಾಳೆ. ನನ್ನ ವ್ಯಾಯಾಮ ಅವಳಿಗೂ ಹೇಳಿಕೊಟ್ಟಿದ್ದೆ. ಬೋರಲು ಮಲಗಿ ಎದೆ ಎತ್ತಿದ ಕೂಡಲೇ ಎರಡೂ ಕಾಲು ಜೋಮು ಹಿಡಿದು, "ನನ್ನ ಕೊಲ್ಲಾಕ ಮಾಡೀ ಏನು?" ಅಂತ ಬೈದಳು. ತಪ್ಪು ನನ್ನದೇ, ಅವಳ ದಿಕ್ಕೇ ಬೇರೆ. ವಯಸ್ಸಾದಾಗ ಬೆನ್ನುಹುರಿಯ ದಾರಿ ಇಕ್ಕಟ್ಟಾಗುತ್ತದೆ, ಹಿಂದಕ್ಕೆ ಬಾಗಿದರೆ ಇನ್ನೂ ಇಕ್ಕಟ್ಟು, ಮುಂದಕ್ಕೆ ಬಾಗಿದರೆ ಸಡಿಲ. ತರಕಾರಿ ತಳ್ಳುಗಾಡಿ ಹಿಡಿದು ಬಾಗಿ ನಿಂತರೆ ಅವಳಿಗೆ ಎಷ್ಟು ಹೊತ್ತಾದರೂ ನೋವಿಲ್ಲ, ಅದರ ಗುಟ್ಟು ಇದೇ. ಡಾಕ್ಟರು ಎಲುಬು ಗಟ್ಟಿ ಇದೆ, ಮಾಡಿಸಿ ಅಂದ ಮೇಲೆ ಅವಳಿಗೆ ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ತಂದು ಹಿಡಿಯುವುದು, ಆಮೇಲೆ ಸೊಂಟ ಎತ್ತುವ ಸೇತುಬಂಧ, ಅದೂ ಸ್ವಲ್ಪವೇ. ನಡಿಗೆ ತುಂಡು ತುಂಡಾಗಿ, ನಡುವೆ ಕೂತುಕೊಂಡು.

ಹತ್ತು ಸೆಕೆಂಡ್ ಹಿಡಿ ಅಂದರೆ ಅವಳಿಗೆ ಗಡಿಯಾರ ಬೇಡ. ಮೊಣಕಾಲು ಎದೆಗೆ ಒತ್ತಿ, ಕಣ್ಣು ಮುಚ್ಚಿ, ಓಂ ನಮಃ ಶಿವಾಯ ಅಂತ ಐದು ಸಲ ಹೇಳಿ ಬಿಡುತ್ತಾಳೆ. ನಾನೊಮ್ಮೆ ಮೊಬೈಲ್ ಹಿಡಿದು ನೋಡಿದೆ, ಹತ್ತೂವರೆ ಸೆಕೆಂಡ್ ಬಂತು.